ಹನ್ನೆರಡು ಮಾರು ಹಗ್ಗ

ನಮ್ಮ ಕಾನ್ವೆಂಟಿನಲ್ಲಿ ಟ್ರಿಗ್ನಾಮೆಟ್ರಿ ಕಲಿಸುತ್ತಿದ್ದ ಸಿಸ್ಟರ್ ಬೋರ್ಡಿನ ಮೇಲೆ ಮೊದಲು ಒಂದು ಲೈಟ್‌ಹೌಸ್ ಬರೆಯುತ್ತಿದ್ದರು. ಅದರ ತುದಿಯಿಂದ ಓರೆಯಾಗಿ ಒಂದು ಗೆರೆ ಇಳಿದು ದೂರದ ಹಡಗನ್ನು ಮುಟ್ಟುತ್ತಿತ್ತು. ಆಂಗಲ್ ಇಷ್ಟು, ಎತ್ತರ ಇಷ್ಟು, ಹಡಗು ಎಷ್ಟು ದೂರ? ಇಡೀ ಕ್ಲಾಸಿನಲ್ಲಿ ಸಮುದ್ರ ನೋಡಿದವಳು ಒಬ್ಬಳೂ ಇರಲಿಲ್ಲ. ಆದರೂ ನನಗೆ ಆ ಲೆಕ್ಕಗಳೆಂದರೆ ಜೀವ. ಹತ್ತದೆ, ಮುಟ್ಟದೆ, ಹತ್ತಿರಕ್ಕೂ ಹೋಗದೆ ಒಂದು ವಸ್ತು ಎಷ್ಟು ಎತ್ತರವಿದೆ ಎಂದು ಹೇಳಬಹುದು ಎನ್ನುವುದು ನನಗೆ ಆಗ ಮಿರಕಲ್ ಅನ್ನಿಸಿತ್ತು. ನಿಜ ಹೇಳಬೇಕೆಂದರೆ ಈಗಲೂ ಅನ್ನಿಸುತ್ತದೆ.

ಮದುವೆಯಾಗಿ ರಾಮನಗರಕ್ಕೆ ಬಂದೆ. ಅಡುಗೆಮನೆಯ ಕಿಟಕಿಯಿಂದ ಬಂಡೆಬೆಟ್ಟ ಕಾಣುತ್ತಿತ್ತು. ಹಾಲು ಕಾಯುವವರೆಗೆ ಸುಮ್ಮನೆ ನಿಲ್ಲಲಾರದೆ ಸೌಟಿನ ಹಿಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬೆಟ್ಟದ ತುದಿಗೆ ಎಷ್ಟು ಡಿಗ್ರಿ ಎಂದು ಅಂದಾಜು ಮಾಡುತ್ತಿದ್ದೆ. ಅತ್ತೆ ಒಂದು ದಿನ ಅದನ್ನು ನೋಡಿ ಕಣ್ಣಿಗೆ ಏನಾದರೂ ಬಿತ್ತೇ ಎಂದು ಕೇಳಿದರು. ಏನಿಲ್ಲ ಎಂದು ಸೌಟು ಇಳಿಸಿದೆ. ಆಮೇಲೆ ಮಕ್ಕಳು, ಅವರ ಟಿಫಿನ್ ಬಾಕ್ಸು, ಯಜಮಾನರ ಟ್ರಾನ್ಸ್‌ಫರ್, ಹೀಗೇ ವರ್ಷಗಳು ಸರಿದವು. ನನ್ನಿಂದ ಯಾವುದೇ ವಸ್ತುವಿನ ಎತ್ತರ ತಿಳಿಯಬೇಕಾದ ಅಗತ್ಯ ಯಾರಿಗೂ ಬೀಳಲಿಲ್ಲ.

ಬಿದ್ದದ್ದು ನನ್ನ ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಕೂಟಗಲ್ ಹತ್ತಿರ, ನನ್ನ ಓರಗಿತ್ತಿಯ ಹೊಲದಲ್ಲಿ.

ಓರಗಿತ್ತಿ ಎಂದರೆ ನನ್ನ ಮೈದುನನ ಹೆಂಡತಿ. ನನಗಿಂತ ಹತ್ತು ವರ್ಷ ಚಿಕ್ಕವಳು, ನನ್ನಷ್ಟೇ ಗಿಡ್ಡ, ಕೆಲಸದಲ್ಲಿ ನನ್ನಂಥ ನಾಲ್ಕು ಜನಕ್ಕೆ ಸಮ. ರೇಷ್ಮೆಹುಳು ಸಾಕುತ್ತಾಳೆ. ಹುಳುಗಳು ಮರಿಯಿಂದ ದೊಡ್ಡವಾಗುವುದರೊಳಗೆ ನಾಲ್ಕು ಸಲ ತಿನ್ನುವುದನ್ನು ಬಿಟ್ಟು ಮಂಕಾಗಿ ಮಲಗಿ ಪೊರೆ ಕಳಚುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅವುಗಳ ಹಸಿವಿಗೆ ಹಗಲು ರಾತ್ರಿ ಇಲ್ಲ. ಆ ಒಂದು ವಾರ ಸೊಪ್ಪು ಕೊಯ್ಯಲು, ಹಾಸಲು ಎಷ್ಟು ಕೈ ಇದ್ದರೂ ಸಾಲದು. ಯಜಮಾನರು ಹೋದ ಮೇಲೆ ನಾನು ಆ ವಾರಕ್ಕೆ ತಪ್ಪದೆ ಬಸ್ಸು ಹತ್ತಿ ಹೋಗುತ್ತೇನೆ. ನನ್ನ ಕೈ ಲೆಕ್ಕಕ್ಕಿಲ್ಲ ಎಂದು ನನಗೆ ಗೊತ್ತು, ಅವಳಿಗೂ ಗೊತ್ತು. ಆದರೂ ಬಾ ಅಕ್ಕ ಎಂದು ಫೋನ್ ಮಾಡುತ್ತಾಳೆ.

ಆ ಸಲ ನಾನು ಹೋದಾಗ ಹುಳು ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ಹುಳುಮನೆಯ ಬಾಗಿಲಲ್ಲಿ ನಿಂತರೆ ಒಳಗಿಂದ ಸಣ್ಣ ಮಳೆ ಬಂದ ಹಾಗೆ ಸೊಪ್ಪು ಕಡಿಯುವ ಸದ್ದು. ಆದರೆ ಓರಗಿತ್ತಿ ಒಳಗೆ ಇರಲಿಲ್ಲ. ಹೊರಗೆ ನಿಂತು ತಲೆ ಎತ್ತಿ ತೆಂಗಿನ ಮರ ನೋಡುತ್ತಿದ್ದಳು.

ಹಿಂದಿನ ವರ್ಷ ಸಿಡಿಲು ಹೊಡೆದ ಮರ ಅದು. ಸುಳಿ ಸುಟ್ಟು, ಗರಿಯೆಲ್ಲ ಉದುರಿ ಬರೀ ಕಂಬವಾಗಿ ನಿಂತಿತ್ತು. ಇವತ್ತು ಕಡಿಸೋಣ, ನಾಳೆ ಕಡಿಸೋಣ ಎಂದು ಬಿಟ್ಟಿದ್ದರು. ಹಿಂದಿನ ಸಂಜೆಯ ಗಾಳಿಗೆ ಬುಡದಲ್ಲಿ ಬಿರುಕು ಬಿಟ್ಟು ಮರ ಒಂದು ಕಡೆಗೆ ವಾಲಿತ್ತು. ವಾಲಿದ್ದು ಹುಳುಮನೆಯ ಕಡೆಗೆ. ಹುಳುಮನೆ ಇದ್ದದ್ದು ಮರದಿಂದ ನಲವತ್ತು ಅಡಿ ದೂರದಲ್ಲಿ, ಅದರ ಮೇಲೆ ಬರೀ ಶೀಟು. ಹುಳುಗಳನ್ನು ಬೇರೆಡೆಗೆ ಸಾಗಿಸುವ ಮಾತೇ ಇಲ್ಲ. ಆ ಹೊತ್ತಿನಲ್ಲಿ ಕೈಯಾಡಿಸಿದರೆ ಅರ್ಧ ಸಾಯುತ್ತವೆ. ದಿನಾ ಸಂಜೆ ಮೋಡ ಕಟ್ಟುವ ಕಾಲ. ಇನ್ನೊಂದು ಗಾಳಿ ಬೀಸಿದರೆ ಅವಳ ಇಪ್ಪತ್ತು ದಿನಗಳ ನಿದ್ದೆಗೆಟ್ಟ ದುಡಿಮೆ ಶೀಟಿನ ಕೆಳಗೆ ಅಪ್ಪಚ್ಚಿ.

ಮರ ಕಡಿಯಲು ದೊಡ್ಡಆಲಹಳ್ಳಿಯಿಂದ ಒಬ್ಬ ಮುದುಕನನ್ನು ಕರೆಸಿದ್ದರು. ನನ್ನದೇ ವಯಸ್ಸಿರಬೇಕು, ಆದರೆ ಮೈ ಎಂದರೆ ಒಣಗಿದ ಹುಣಸೆ ಕೊಂಬೆ. ಬಂದವನು ಕೊಡಲಿಯ ಹಿಂಬದಿಯಿಂದ ಬುಡವನ್ನು ತಟ್ಟಿ ನಾಲ್ಕು ಸುತ್ತು ಬಂದ. ಇದನ್ನು ಹತ್ತುವ ಹಾಗಿಲ್ಲ, ಮೇಲಿಂದ ತುಂಡು ತುಂಡಾಗಿ ಇಳಿಸುವ ಹಾಗೂ ಇಲ್ಲ, ಬುಡದಿಂದಲೇ ಒಂದೇ ಸಲಕ್ಕೆ ಉರುಳಿಸಬೇಕು ಎಂದ. ಉರುಳಿಸುವುದು ಎಲ್ಲಿಗೆ? ದಕ್ಷಿಣಕ್ಕೆ ಹುಳುಮನೆ. ಪಶ್ಚಿಮಕ್ಕೆ ಕರೆಂಟಿನ ತಂತಿ. ಪೂರ್ವಕ್ಕೆ ಹಿಪ್ಪುನೇರಳೆ ತೋಟ, ಅಂದರೆ ಹುಳುಗಳ ಮುಂದಿನ ನಾಲ್ಕು ದಿನದ ಊಟ. ಉಳಿದದ್ದು ಉತ್ತರಕ್ಕೆ ರಾಗಿ ಕೊಯ್ದ ಖಾಲಿ ಹೊಲ ಒಂದೇ. ಮರ ವಾಲಿರುವುದಕ್ಕೆ ಸರಿಯಾಗಿ ಉಲ್ಟಾ. ಹಗ್ಗ ಕಟ್ಟಿ ಎಳೆದೇ ಬೀಳಿಸಬೇಕು. ಎಳೆಯುವವರು ಮರ ಬೀಳುವ ಕಡೆಯೇ ನಿಲ್ಲಬೇಕು.

ಎಷ್ಟು ದೂರ ನಿಂತರೆ ಮರ ಅವರ ಮೇಲೆ ಬೀಳುವುದಿಲ್ಲ? ಅಂದರೆ ಮರದ ಎತ್ತರ ಎಷ್ಟು?

ಯಾರೋ ಬಾಗಿಲು ತಟ್ಟಿ ನನ್ನ ಹೆಸರು ಹಿಡಿದು ಕರೆದ ಹಾಗಾಯಿತು ನನಗೆ.

ಎಳೆಯಲು ಬಂದಿದ್ದ ಪಕ್ಕದ ಹೊಲದ ಅಣ್ಣ ತಮ್ಮಂದಿರಲ್ಲಿ ತಮ್ಮ ಆಗಲೇ ಮೊಬೈಲ್ ತೆಗೆದಿದ್ದ. ಎತ್ತರ ಅಳೆಯುವ ಆ್ಯಪ್ ಇದೆಯಂತೆ. ಒಂದು ಸಲ ಅದು ನಲವತ್ತೊಂದು ಅಡಿ ಎಂದಿತು, ಇನ್ನೊಂದು ಸಲ ಎಂಬತ್ತಮೂರು. ಅಣ್ಣ ಬೀಡಿ ಆರಿಸುತ್ತಾ ಹೇಳಿದ: “ಲೇ, ಮಡುಗ್ಲಾ ಅದ್ನ ಜೇಬ್ಗೆ. ಇನ್ನೊಂದ್ಸಲ ಒತ್ತುದ್ರೆ ಮರ ಮೋಡ ಮುಟ್ಬುಡ್ತದೆ.”

ನಾನು ಮನೆಯೊಳಗೆ ಹೋಗಿ ಅಟ್ಟದ ಮೇಲಿದ್ದ, ಓರಗಿತ್ತಿಯ ಮಕ್ಕಳ ಹಳೇ ಜಾಮಿಟ್ರಿ ಬಾಕ್ಸ್ ಹುಡುಕಿ ತೆಗೆದೆ. ಪ್ರೊಟ್ರಾಕ್ಟರಿನ ನೇರ ಅಂಚಿಗೆ ಎಳನೀರು ಕುಡಿಯುವ ಸ್ಟ್ರಾ ಅಂಟಿಸಿ, ನಡುವಿನ ತೂತಿಗೆ ದಾರ ಕಟ್ಟಿ, ದಾರದ ತುದಿಗೆ ಸೇಫ್ಟಿ ಪಿನ್ನು ತೂಗಿಬಿಟ್ಟೆ. ಸ್ಟ್ರಾದೊಳಗಿಂದ ಮರದ ತುದಿ ನೋಡಿದರೆ ಎಷ್ಟು ಡಿಗ್ರಿ ಎಂದು ದಾರ ತೋರಿಸುತ್ತದೆ. ಹಿಪ್ಪುನೇರಳೆ ಸಾಲಿನ ನಡುವೆ ನೆಲ ಮಟ್ಟಸವಾಗಿತ್ತು. ಅಲ್ಲಿ ನಾನು ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಾ ಹೋದೆ. ದಾರ ನಲವತ್ತೈದರ ಮೇಲೆ ಬರಬೇಕು. ನಲವತ್ತೈದು ಡಿಗ್ರಿಗೆ ಟ್ಯಾನ್ ಬೆಲೆ ಒಂದು. ಗುಣಾಕಾರ ಇಲ್ಲ, ಭಾಗಾಕಾರ ಇಲ್ಲ, ನಿಂತ ದೂರವೇ ಎತ್ತರ. ಅದಕ್ಕೆ ನೆಲದಿಂದ ನಮ್ಮ ಕಣ್ಣಿನ ಎತ್ತರ ಕೂಡಿಸಿದರಾಯಿತು. ಎಷ್ಟು ದೊಡ್ಡ ಮನಸ್ಸು ಈ ನಲವತ್ತೈದಕ್ಕೆ ಎಂದು ಸಿಸ್ಟರ್ ಹೇಳುತ್ತಿದ್ದರು, ಏನನ್ನೂ ತನಗೆಂದು ಇಟ್ಟುಕೊಳ್ಳುವುದಿಲ್ಲ.

ದಾರ ನಲವತ್ತೈದಕ್ಕೆ ಬಂದಾಗ ಅಲ್ಲೇ ನಿಂತೆ. ಹೊಲಿಗೆ ಮಷೀನಿನ ಟೇಪು ತರಿಸಿ ಅಳೆದೆವು. ಐದಡಿಯ ಟೇಪು, ಹತ್ತೂವರೆ ಸಲ. ಐವತ್ತೆರಡೂವರೆ ಅಡಿ. ನನ್ನ ಕಣ್ಣಿನ ಎತ್ತರ ನಾಲ್ಕೂವರೆ. ಒಟ್ಟು ಐವತ್ತೇಳು.

ಮರ ಕಡಿಯುವ ಮುದುಕ ಇದನ್ನೆಲ್ಲ ಕೈಕಟ್ಟಿ ನೋಡುತ್ತಿದ್ದವನು, ಮರಕ್ಕೆ ಫೋಟೋ ತೆಗೆಯುತ್ತಿದ್ದೀರಾ ಅಮ್ಮಾವ್ರೇ ಎಂದು ಕೇಳಿದ. ವಿವರಿಸಿದೆ. ತಲೆಯಾಡಿಸಿದ. ಆಮೇಲೆ ತನ್ನ ವಿದ್ಯೆ ತೋರಿಸಿದ.

ಖಾಲಿ ಹೊಲದಲ್ಲಿ ಉತ್ತರಕ್ಕೆ ನಡೆದುಹೋದ. ಮರಕ್ಕೆ ಬೆನ್ನು ಮಾಡಿ ನಿಂತು, ಪಂಚೆ ಎತ್ತಿ ಕಟ್ಟಿ, ಕಾಲಗಲಿಸಿ ಬಗ್ಗಿ, ತನ್ನ ಎರಡು ಕಾಲುಗಳ ಸಂದಿಯಿಂದ ಮರವನ್ನು ನೋಡಿದ. ಹಾಗೇ ಬಗ್ಗಿಕೊಂಡೇ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಮರದ ತುದಿ ಕಾಲ ಸಂದಿಯಲ್ಲಿ ಸರಿಯಾಗಿ ಸಿಕ್ಕಿದ ಜಾಗದಲ್ಲಿ ನೇರವಾಗಿ ನಿಂತ. ಮರ ಇಲ್ಲಿಯವರೆಗೆ ಬರುತ್ತದೆ ಎಂದ. ಅಲ್ಲಿಂದ ಮುಂದಕ್ಕೆ ಮೂರು ದೊಡ್ಡ ಹೆಜ್ಜೆ ಹಾಕಿ ಒಂದು ಕಲ್ಲು ಇಟ್ಟ. ಎಳೆಯುವವರು ಈ ಕಲ್ಲು ದಾಟಿ ನಿಲ್ಲಬೇಕು. ಆ ಮೂರು ಹೆಜ್ಜೆ ಯಾಕೆ ಎಂದು ಕೇಳಿದೆ.

“ಮರುಕ್ಕೆ ಮರ್ವಾದೆ ಕೊಡ್ಬೇಕಲ್ವರಾ ಅಮ್ಮಾವ್ರೇ.”

ನಾನು ನಿಂತಲ್ಲೇ ನಿಂತುಬಿಟ್ಟೆ. ಬಗ್ಗಿದ ಮನುಷ್ಯನ ನೋಟ ಕಾಲ ಸಂದಿಯಿಂದ ಹೊರಟು ಮೇಲಕ್ಕೆ ಏರುವ ಕೋನ ಹೆಚ್ಚೂಕಡಿಮೆ ಅದೇ ನಲವತ್ತೈದು ಡಿಗ್ರಿ. ಅವನ ಕಣ್ಣು ನೆಲದ ಹತ್ತಿರವೇ ಇರುವುದರಿಂದ ಕೂಡಿಸುವ ಗೋಜೂ ಹೆಚ್ಚಿಲ್ಲ. ಸ್ಟ್ರಾ ಇಲ್ಲ, ದಾರ ಇಲ್ಲ. ಈ ಮನುಷ್ಯ ತನ್ನ ಸೊಂಟವನ್ನೇ ಪ್ರೊಟ್ರಾಕ್ಟರ್ ಮಾಡಿಕೊಂಡಿದ್ದಾನೆ. ಯಾರು ಕಲಿಸಿದ್ದು ಎಂದು ಕೇಳಿದೆ. ಅಪ್ಪ ಬಗ್ಗುತ್ತಿದ್ದ, ನಾನೂ ಬಗ್ಗುತ್ತೇನೆ ಎಂದ. ಸಿಸ್ಟರ್ ಇದ್ದಿದ್ದರೆ ಇವನನ್ನು ನಮ್ಮ ಕ್ಲಾಸಿಗೆ ಕರೆತಂದು ನಿಲ್ಲಿಸುತ್ತಿದ್ದರೇನೋ, ಬಗ್ಗುವುದು ಬೇಡ, ಬರೀ ವಿವರಿಸಿ ಎಂದು.

ಆಮೇಲೆ ಹಗ್ಗದ ಲೆಕ್ಕ. ಬುಡದಲ್ಲಿ ಹಗ್ಗ ಕಟ್ಟಿದರೆ ಮರ ಬಗ್ಗುವುದಿಲ್ಲ, ಮೇಲೆ ಕಟ್ಟಬೇಕು. ಕಾಯಿ ಕೀಳುವ ಬಿದಿರಿನ ದೋಟಿಗಳು ಎರಡಿದ್ದವು. ಅವನ್ನು ಒಂದಕ್ಕೊಂದು ಜೋಡಿಸಿ, ತುದಿಯಲ್ಲಿ ಹಗ್ಗದ ಕುಣಿಕೆ ಸಿಕ್ಕಿಸಿ, ಮರಗುಂಟ ಮೇಲೆ ತಳ್ಳಿ ಬಿಗಿದರು. ಮೂವತ್ತು ಅಡಿ ಎತ್ತರಕ್ಕೆ ಹೋಗಿ ಕಚ್ಚಿಕೊಂಡಿತು. ಮರ ಒಂದು ಭುಜ, ನೆಲ ಒಂದು ಭುಜ, ಓರೆಯಾಗಿ ಎಳೆದ ಹಗ್ಗವೇ ಹೈಪಾಟನ್ಯೂಸ್. ಹಗ್ಗ ಎಷ್ಟುದ್ದ ಎಂದು ಓರಗಿತ್ತಿಯನ್ನು ಕೇಳಿದೆ. ಬೆಳಿಗ್ಗೆಯೇ ಅಳೆದಿದ್ದೇನೆ, ಹನ್ನೆರಡು ಮಾರು ಎಂದಳು. ಮಾರು ಎಂದರೆ ಎರಡೂ ಕೈ ಚಾಚಿದಷ್ಟು ಉದ್ದ, ಆರು ಅಡಿ. ನಮ್ಮ ಪುಸ್ತಕದ ಹಿಂದಿನ ಟೇಬಲ್ಲಿನಲ್ಲೂ ಹಾಗೇ ಇತ್ತು. ಹಾಲಿನ ಚೀಟಿಯ ಹಿಂದೆ ಬರೆದೆ. ಹನ್ನೆರಡು ಆರಲೆ ಎಪ್ಪತ್ತೆರಡು. ಅದರ ವರ್ಗದಿಂದ ಮೂವತ್ತರ ವರ್ಗ ಕಳೆದು, ವರ್ಗಮೂಲ ತೆಗೆದರೆ ಅರವತ್ತೈದೂವರೆ. ಮರ ಐವತ್ತೇಳು. ಎಂಟು ಅಡಿ ಸೇಫ್. ಓಕೆ, ಆರಾಮಾಗಿ ಎಳೆಯಬಹುದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಎಷ್ಟೋ ವರ್ಷಗಳ ಮೇಲೆ ನನ್ನ ದನಿ ನನಗೇ ಇಷ್ಟವಾಯಿತು.

ಮಧ್ಯಾಹ್ನ ಮೂರರ ಹೊತ್ತಿಗೆ ಮಾಗಡಿಯ ದಿಕ್ಕಿನಲ್ಲಿ ಮೋಡ ಕಪ್ಪಾಯಿತು. ಮೈದುನನಿಗೆ ಬೆನ್ನುನೋವು, ಅವನು ದಾರಿಯಲ್ಲಿ ಬರುವವರನ್ನು ತಡೆಯಲು ನಿಂತ. ಎಳೆಯಲು ಅಣ್ಣ ತಮ್ಮಂದಿರು ಮತ್ತು ಓರಗಿತ್ತಿ. ಹಗ್ಗವನ್ನು ಬಿಗಿಯಾಗಿ ಹೊಲದ ಮೇಲೆ ಎಳೆದುಕೊಂಡು ಹೋದರು. ಹಗ್ಗ ಮುಗಿಯಿತು. ಮುದುಕನ ಕಲ್ಲು ಇನ್ನೂ ಹತ್ತು ಹನ್ನೊಂದು ಅಡಿ ಆಚೆಗಿತ್ತು.

ಮುದುಕ ಕೈ ಎತ್ತಿ ನಿಲ್ಲಿಸಿದ. ನಾನು ಚೀಟಿ ನೋಡಿದೆ. ನನ್ನ ಲೆಕ್ಕದಲ್ಲಿ ಹಗ್ಗದ ತುದಿ ಮರದಿಂದ ಅರವತ್ತೈದು ಅಡಿಗಿದೆ. ಹಾಗಾದರೆ ಕಲ್ಲು ಎಪ್ಪತ್ತೈದಕ್ಕಿರಬೇಕು. ನಿಮ್ಮ ಮರ್ಯಾದೆ ಸ್ವಲ್ಪ ಜಾಸ್ತಿಯೇ ಆಯಿತು, ಹಗ್ಗದ ತುದಿಯಲ್ಲಿ ನಿಂತರೂ ಏನೂ ಆಗುವುದಿಲ್ಲ ಎಂದು ಅವನಿಗೆ ಹೇಳಿದೆ.

ಅವನು ವಾದಿಸಲಿಲ್ಲ. ಕಲ್ಲು ನಡೆದುಕೊಂಡು ಹೋಗುವುದಿಲ್ಲವಲ್ಲ ಅಮ್ಮಾವ್ರೇ ಎಂದಷ್ಟೇ ಹೇಳಿದ. ಅಣ್ಣ ತಮ್ಮಂದಿರು ಒಮ್ಮೆ ನನ್ನ ಮುಖ, ಒಮ್ಮೆ ಅವನ ಮುಖ ನೋಡಿದರು. ಗಾಳಿ ಶುರುವಾಗಿತ್ತು, ಮರದ ಬುಡ ಕಿರ್ರೆಂದಿತು. ಓರಗಿತ್ತಿ ಹುಳುಮನೆಯ ಕಡೆ ಒಂದು ಸಲ ತಿರುಗಿ ನೋಡಿ ಹಗ್ಗ ಹಿಡಿದು ಎಲ್ಲರಿಗಿಂತ ಮುಂದೆ ಹೋಗಿ ನಿಂತಳು, ಮರಕ್ಕೆ ಎಲ್ಲರಿಗಿಂತ ಹತ್ತಿರ.

“ಅಕ್ಕ ಓದ್ದೋಳು, ಲೆಕ್ಕ ಹಾಕವ್ಳೆ, ತಪ್ಪಾಗಾಕಿಲ್ಲ. ನಾನೇ ಮುಂದ್ಗಡೆ ನಿಂತ್ಕತೀನಿ, ನೀವಿಬ್ರು ಹಿಂದ್ಗಡೆ ಹಿಡೀರಿ. ಹುಳ ಹಸ್ಕಂಡವೆ, ಬ್ಯಾಗ ಆಗ್ಲಿ.”

ನನ್ನ ಲೆಕ್ಕದ ಮೇಲೆ ಯಾರೂ ಇಷ್ಟು ನಂಬಿಕೆ ಇಟ್ಟಿರಲಿಲ್ಲ, ನನ್ನ ಯಜಮಾನರೂ ಇಟ್ಟಿರಲಿಲ್ಲ. ಖುಷಿಯಾಗಬೇಕಿತ್ತು. ಆಗಲಿಲ್ಲ. ಹಗ್ಗ ಸರಿಯಾಗಿ ಅಳೆದಿದ್ದೀಯಾ ಎಂದು ಕೂಗಿ ಕೇಳಿದೆ. ಅವಳು ಹಗ್ಗ ಕೆಳಗೆ ಹಾಕಿ, ಎರಡೂ ಕೈ ಚಾಚಿ ತೋರಿಸಿದಳು.

“ಹಿಂಗೇ ಅಕ್ಕ, ನಾನೇ ಅಳ್ದಿವ್ನಿ, ಹನ್ನೆರಡ್ ಸಲ.”

ಆ ಬಯಲಲ್ಲಿ, ಕೈ ಚಾಚಿ ನಿಂತ ನನ್ನ ಗಿಡ್ಡ ಓರಗಿತ್ತಿಯನ್ನು ನಾನು ಆಗ ನೋಡಿದೆ.

ಬಿಟ್ಟುಬಿಡು, ಎಲ್ಲರೂ ಈಚೆ ಬನ್ನಿ ಎಂದು ಕಿರುಚಿದೆನಂತೆ. ನನಗೆ ನೆನಪಿಲ್ಲ. ನೆನಪಿರುವುದು ಅವಳ ಒಂದು ಕೈಬೆರಳಿನ ತುದಿಯಿಂದ ಇನ್ನೊಂದರ ತುದಿಗೆ ಟೇಪು ಹಿಡಿದದ್ದು. ಟೇಪು ಅಲ್ಲಿಂದಲ್ಲಿಗೆ ಸರಿಹೋಯಿತು. ಐದೇ ಅಡಿ. ಅವಳ ಮಾರು ಐದು ಅಡಿ. ಪುಸ್ತಕದ ಮಾರು ಯಾರೋ ಆರಡಿಯ ಗಂಡಸಿನದು. ಹಗ್ಗ ಎಪ್ಪತ್ತೆರಡು ಅಡಿಯಲ್ಲ, ಅರವತ್ತು. ಅರವತ್ತರ ವರ್ಗದಿಂದ ಮೂವತ್ತರ ವರ್ಗ ಹೋದರೆ ಎರಡು ಸಾವಿರದ ಏಳುನೂರು. ಅದರ ವರ್ಗಮೂಲ ಐವತ್ತೆರಡು. ಮರ ಐವತ್ತೇಳು. ಹಗ್ಗದ ಕಟ್ಟಕಡೆಯಲ್ಲಿ ನಿಂತವರೂ ಮರದ ತುದಿಗಿಂತ ಐದು ಅಡಿ ಒಳಗೆ. ಮುಂದೆ ನಿಂತ ಇವಳು ಇನ್ನೂ ಒಳಗೆ.

ಟ್ರಿಗ್ನಾಮೆಟ್ರಿಯಲ್ಲಿ ತಪ್ಪಿರಲಿಲ್ಲ. ಸಿಸ್ಟರ್ ಬಂದು ನೋಡಿದರೂ ರೈಟ್ ಹಾಕುತ್ತಿದ್ದರು. ಮೂವತ್ತೈದು ವರ್ಷಗಳಿಂದ ನೋಡುತ್ತಿದ್ದ ಹೆಣ್ಣುಮಗಳ ತೋಳು ಎಷ್ಟುದ್ದ ಎಂದು ನಾನು ಕೇಳಿರಲಿಲ್ಲ, ಅಷ್ಟೇ.

ತಪ್ಪಾಯಿತು ಎಂದು ಮುದುಕನಿಗೆ ಹೇಳಿದೆ. ಅವನು ಆಗಲೇ ಮುಂದಿನ ಕೆಲಸದಲ್ಲಿದ್ದ. ಗಟ್ಟಿ ಹಗ್ಗ ಬೇರೆ ಇರಲಿಲ್ಲ. ಗಂಟು ಹಾಕಿದ ಹಗ್ಗವನ್ನು ಅವನು ನಂಬುವುದಿಲ್ಲ. ಕುಣಿಕೆಯನ್ನು ಕೆಳಗಿಳಿಸಿದರೆ ಹೇಗೆ ಎಂದು ನಾನು ಲೆಕ್ಕ ಹಾಕಿದೆ. ಇಪ್ಪತ್ತು ಅಡಿಗೆ ಇಳಿಸಿದರೂ ನಾಲ್ಕೈದು ಅಡಿ ಅಷ್ಟೇ ಸಿಗುತ್ತಿತ್ತು, ಎಳೆತದ ಶಕ್ತಿಯೂ ಕಡಿಮೆ. ಅಷ್ಟರಲ್ಲಿ ಅವನು ಹೊಲದ ನಡುವೆ ಹಳೇ ಬೇಲಿಯದೊಂದು ಕಲ್ಲುಕಂಬ ಒಂಟಿಯಾಗಿ ನಿಂತಿದ್ದನ್ನು ಅಲುಗಾಡಿಸಿ ನೋಡುತ್ತಿದ್ದ. ನಮ್ಮ ಸೀಮೆಯ ಬಂಡೆಯಿಂದ ಸೀಳಿದ ಕಂಬ, ಮೊಣಕಾಲಾಳ ಮಣ್ಣೊಳಗೆ ಹೂತದ್ದು. ಹಗ್ಗವನ್ನು ಅದರ ಬುಡಕ್ಕೆ ಬಳಸಿ, ಅಲ್ಲಿಂದ ಪೂರ್ವಕ್ಕೆ ಎಲ್ ಆಕಾರದಲ್ಲಿ ತಿರುಗಿಸಿದ. ಎಳೆತ ಕಂಬದವರೆಗೆ ನೇರ ಹೋಗುತ್ತದೆ, ಮರ ಕಂಬದ ಕಡೆಗೇ ಬೀಳುತ್ತದೆ. ಎಳೆಯುವವರು ಮಾತ್ರ ಮಗ್ಗುಲಿಗೆ.

“ಕಂಬ ಹೋದ್ರೆ ಹೋಗ್ಲಿ ಬುಡಿ. ಜನ ಉಳೀಲಿ.” ಆಮೇಲೆ ನನ್ನ ಕಡೆ ತಿರುಗಿ, “ಅಮ್ಮಾವ್ರೇ, ಎಳ್ಯಕ್ಕೆ ಹಗ್ಗ ಎಷ್ಟ್ ಉಳೀತದೆ, ಒಸಿ ನೋಡಿ ಹೇಳಿ,” ಎಂದ.

ಅವನು ಅದನ್ನು ದಾಕ್ಷಿಣ್ಯಕ್ಕೆ ಕೇಳಲಿಲ್ಲ. ನಿಜವಾಗಿಯೂ ಅವನಿಗೆ ಬೇಕಾಗಿತ್ತು. ಕಂಬಕ್ಕೆ ಟೇಪು ಹಿಡಿದು ಅಳೆದೆ, ಬುಡದಿಂದ ಮೂವತ್ತೈದು ಅಡಿ. ಮೂವತ್ತು, ಮೂವತ್ತೈದು, ಹೈಪಾಟನ್ಯೂಸ್ ನಲವತ್ತಾರು. ಅರವತ್ತರಲ್ಲಿ ಹದಿನಾಲ್ಕು ಉಳಿಯುತ್ತದೆ. ಕಂಬಕ್ಕೆ ಬಳಸಿದ್ದು ಕಳೆದರೆ ಹನ್ನೆರಡು, ಹದಿಮೂರು. ಮೂರು ಜನ ಹಿಡಿಯಲು ಸಾಕು, ಗರಿಯಿಲ್ಲದ ಮರಕ್ಕೆ ಅಷ್ಟು ಮಗ್ಗುಲಿದ್ದರೆ ಸಾಕು ಎಂದ ಮುದುಕ.

ಮುದುಕ ಬುಡದ ಉತ್ತರಕ್ಕೆ ಕೊಡಲಿಯಲ್ಲಿ ಬಾಯಿ ತೆಗೆದ. ಆಮೇಲೆ ಹಿಂದಿನಿಂದ ಗರಗಸ. ಅವನು ಕೈ ಬೀಸಿದಾಗ ಮೂವರೂ ಎಳೆದರು. ಮರ ಮೊದಲು ಏನೂ ಮಾಡಲಿಲ್ಲ. ಆಮೇಲೆ ಹುಳುಮನೆಯ ಕಡೆ ವಾಲಿದ್ದ ಮರ ನೆಟ್ಟಗಾಯಿತು. ಒಂದು ಕ್ಷಣ ಪುಸ್ತಕದಲ್ಲಿದ್ದ ಹಾಗೆ ತೊಂಬತ್ತು ಡಿಗ್ರಿಯಲ್ಲಿ ನಿಂತಿತು. ಆಮೇಲೆ ಎಂಬತ್ತು, ಅರವತ್ತು, ಇನ್ನು ನನಗೆ ಎಣಿಸಲಾಗಲಿಲ್ಲ. ನೆಲ ಅದುರಿತು. ಕಲ್ಲುಕಂಬ ಎರಡು ತುಂಡಾಯಿತು.

ಧೂಳು ಇಳಿದ ಮೇಲೆ ನಾನು ಮರಗುಂಟ ತುದಿಯವರೆಗೆ ನಡೆದೆ. ಮೊದಲು ಹಗ್ಗ ಮುಗಿದಿದ್ದ ಜಾಗದಲ್ಲಿ ಅಣ್ಣ ತಮ್ಮಂದಿರ ಹೆಜ್ಜೆ ಗುರುತು ಇತ್ತಲ್ಲ, ಅದರ ಮೇಲೆ ಮರ ಮಲಗಿತ್ತು. ಅದನ್ನೂ ದಾಟಿ ಐದು ಅಡಿ ಹೋಗಿತ್ತು. ಕಲ್ಲಿಗೆ ಇನ್ನೂ ಎರಡು ಹೆಜ್ಜೆ ಬಾಕಿ. ಓರಗಿತ್ತಿ ಮೊದಲು ನಿಂತಿದ್ದ ಜಾಗ ಕಾಣಲಿಲ್ಲ, ಅಲ್ಲಿ ಕಾಂಡ ನೆಲದೊಳಕ್ಕೆ ಇಳಿದಿತ್ತು. ನಾನು ಅಲ್ಲೇ ಕೂತುಬಿಟ್ಟೆ. ಮುದುಕ ನೀರಿನ ಬಾಟಲಿ ತಂದು ಕೊಟ್ಟು ತಾನೂ ಪಕ್ಕದಲ್ಲಿ ಕೂತ. ನಿಮ್ಮ ಐವತ್ತೇಳು ಸರಿಯಾಗೇ ಇತ್ತಲ್ಲ ಅಮ್ಮಾವ್ರೇ ಎಂದ. ನಿಮ್ಮ ಕಲ್ಲೂ ಸರಿಯಾಗಿತ್ತು ಎಂದೆ. ಪರೀಕ್ಷೆ ಮುಗಿದ ಮಕ್ಕಳ ಹಾಗೆ ಇಬ್ಬರೂ ಉತ್ತರ ತಾಳೆ ನೋಡುತ್ತಿದ್ದೆವು.

ಓರಗಿತ್ತಿ ಮರದ ಕಡೆ ನೋಡಲೇ ಇಲ್ಲ. ಹಗ್ಗ ಬಿಟ್ಟವಳು ನೇರ ಹುಳುಮನೆಗೆ ಓಡಿದ್ದಳು. ನಾನು ಹೋಗಿ ಬಾಗಿಲಲ್ಲಿ ನಿಂತಾಗ ಅವಳು ತಟ್ಟೆಯ ಮೇಲೆ ಬಗ್ಗಿ ಕಿವಿ ಕೊಟ್ಟಿದ್ದಳು. ನನಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿದಳು. ಸದ್ದಿರಲಿಲ್ಲ. ಅಷ್ಟು ಸಾವಿರ ಹುಳುಗಳೂ ನೆಲದ ಅದುರಿಗೆ ತಿನ್ನುವುದನ್ನು ನಿಲ್ಲಿಸಿಬಿಟ್ಟಿದ್ದವು. ಎಷ್ಟು ಹೊತ್ತೋ ಗೊತ್ತಿಲ್ಲ. ಹೊರಗೆ ಮಳೆಯ ಮೊದಲ ಹನಿ ಶೀಟಿನ ಮೇಲೆ ಬಿತ್ತು. ಆಮೇಲೆ ಒಂದು ಮೂಲೆಯಲ್ಲಿ ಯಾವುದೋ ಒಂದು ಹುಳು ಎಲೆ ಕಡಿಯಿತು, ಅದರ ಪಕ್ಕದ್ದು, ಅದರ ಪಕ್ಕದ್ದು.

“ಅಕ್ಕ, ತಿಂತಾವೆ,” ಎಂದಳು. “ಬಾ, ಸೊಪ್ಪು ಹಾಸನ.”

ಮೂರು ದಿನದ ಮೇಲೆ ಹುಳುಗಳು ತಿನ್ನುವುದು ನಿಲ್ಲಿಸಿ ಹಣ್ಣಾದವು. ಗೂಡು ಕಟ್ಟಲೆಂದು ಅವನ್ನು ಬಿದಿರಿನ ಚಂದ್ರಿಕೆ ತಟ್ಟೆಯ ಸುರುಳಿಗಳ ನಡುವೆ ಒಂದೊಂದಾಗಿ ಬಿಟ್ಟೆವು. ನಾನು ಬಿಟ್ಟ ಒಂದು ಹುಳು ಸುಮಾರು ಹೊತ್ತು ಏನೂ ಮಾಡದೆ ತಲೆ ಎತ್ತಿ, ಈ ಗೋಡೆಗೊಮ್ಮೆ ಆ ಗೋಡೆಗೊಮ್ಮೆ ಮೈ ಚಾಚಿ ಚಾಚಿ ನೋಡಿತು. ಅದರ ಪುಸ್ತಕದಲ್ಲಿ ಅದರ ಮೈಯುದ್ದವೇ ಅಳತೆ. ಕೊನೆಗೆ ಒಂದು ಜಾಗ ಒಪ್ಪಿ, ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯೊಂದನ್ನು ಓರೆಯಾಗಿ ಎಳೆಯಿತು.